ಡೋಣಿ ದಾಟಿದ ಹೊಲ

ಜತ್ತದ ಕಡೆಯ ಗುಡ್ಡಗಳಲ್ಲಿ ಹುಟ್ಟುವ ಡೋಣಿ ದೊಡ್ಡ ನದಿಯೇನಲ್ಲ. ಬೇಸಿಗೆಯಲ್ಲಿ ಮೊಣಕಾಲೂ ಮುಳುಗದಷ್ಟು ನೀರು, ಅದೂ ದನ ಮೂಸಿ ಬಿಡುವಂಥ ಸವಳು. ಗುಡ್ಡದಲ್ಲಿ ಮಳೆಯಾದರೆ ಮಾತ್ರ ಅದರ ನಡೆ ಬೇರೆ. ತಿಕೋಟಾ ಸೀಮೆ ದಾಟಿ ಬಬಲೇಶ್ವರದ ಕಡೆ ಸಪಾಟಾದ ಎರೆಹೊಲಗಳಿಗೆ ಬಂದಾಗ ಹೊತ್ತು ತಂದ ಹೂಳನ್ನೆಲ್ಲ ಇಳಿಸಿ, ತನ್ನ ದಾರಿಯನ್ನು ತಾನೇ ಮುಚ್ಚಿಕೊಂಡು, ಪಕ್ಕದಲ್ಲಿ ಇನ್ನೊಂದು ದಾರಿ ಕೊರೆಯುತ್ತದೆ.

ಹೋದ ವರ್ಷದ ಹಿಂಗಾರಿ ಮಳೆಯಲ್ಲಿ ಅದು ಕೊರೆದ ದಾರಿ ಆಶಾಬಿಯ ಹೊಲದ ನಡುವೆಯೇ ಹಾಯಿತು. ಗಂಡ ಬಾಬುಸಾಬ ತೀರಿಕೊಂಡ ಮೇಲೆ ಒಕ್ಕಲುತನವನ್ನು ಒಬ್ಬಳೇ ನೋಡಿಕೊಂಡು ಬಂದ ಹೆಂಗಸು ಅವಳು. ಮಗ ರಮಜಾನನಿಗೆ ವಿಜಯಪುರದ ಗಾಂಧಿ ಚೌಕದಲ್ಲಿ ಪೈಪು, ಮೋಟಾರು ಮಾರುವ ಅಂಗಡಿ. ಮೊದಲು ಡೋಣಿ ಅವರ ಹೊಲವನ್ನು ಬಳಸಿ ಹೋಗುತ್ತಿತ್ತು. ಈಗ ನೆಟ್ಟಗೆ ಹರಿದು, ಒಳ್ಳೆಯ ಮಣ್ಣಿನ ಪಟ್ಟಿಯೊಂದನ್ನು ಆಚೆ ದಂಡೆಗೆ, ಊರವರು ಅಯ್ಯಾರು ಎನ್ನುವ ಜಂಗಮರ ಬಸಲಿಂಗಯ್ಯನ ಹೊಲದ ಮಗ್ಗುಲಿಗೆ ಸೇರಿಸಿಬಿಟ್ಟಿತು.

ನೀರು ಇಳಿದು ದಾಟುವಂತಾಗುವಷ್ಟರಲ್ಲಿ ತಿಂಗಳಾಗಿತ್ತು. ಆಶಾಬಿ ಸೀರೆ ಎತ್ತಿ ಕಟ್ಟಿ ಹೊಳೆ ದಾಟಿದಳು. ಪಟ್ಟಿಯ ತುಂಬ ಬಿಳಿಜೋಳದ ಎಳೆ ಪೈರು ನಿಂತಿತ್ತು. ಬಸಲಿಂಗಯ್ಯ ಎತ್ತು ಹೂಡಿ ಸಾಲುಗಳ ನಡುವೆ ಎಡೆ ಹೊಡೆಯುತ್ತಿದ್ದ.

"ಅಯ್ಯಾರ, ಇದೇನ್ರಿ? ನನ್ನ ಹೊಲದಾಗ ನೀವು ಬಿತ್ತೀರಿ!"

ಅವನು ಎತ್ತು ನಿಲ್ಲಿಸಿದ. "ಡೋಣಿ ಈಚಿ ಕಡೀದು ನಮ್ದು, ಆಚಿ ಕಡೀದು ನಿಮ್ದು. ಇದು ನನ್ನ ಮಾತಲ್ಲ ತಂಗಿ. ನಿಮ್ಮ ಮಾವನ ಮಾತು."

"ನಮ್ಮ ಮಾವ ಯಾವಾಗ ಅಂದಿದ್ರು?"

"ನಾ ಸಣ್ಣಾಂವ ಇದ್ದಾಗ. ಈ ಪಟ್ಟಿ ಆಗ ನಮ್ದ ಇತ್ತು. ಹೊಳಿ ದಾರಿ ಬದಲಿಸಿ ಹೊಳ್ಳಿ ನಿಮ್ಮ ಕಡೆ ಹಾಕಿತು. ನಮ್ಮಪ್ಪ ಕೇಳಾಕ ಬಂದ್ರ, ಡೋಣೀನ ನಮ್ಮ ಬದು ಅಂದ್ರು ನಿಮ್ಮ ಮಾವ. ನಮ್ಮಪ್ಪ ಸಾಯೂತನಕಾ ಈ ಪಟ್ಟಿ ನೋಡಿಕೋತ ದಂಡಿ ಮ್ಯಾಲ ಕುಂಡ್ರತಿದ್ದ."

"ಸುಳ್ಳು" ಎಂದು ಆಶಾಬಿ ತಿರುಗಿ ಹೊರಟಳು. ಆದರೆ ದಾರಿಯಲ್ಲಿ ಒಂದು ಮಾತು ನೆನಪಾಯಿತು. ಮನೆಯಲ್ಲಿ ಆ ಪಟ್ಟಿಗೆ ಎಲ್ಲರೂ 'ಅಯ್ಯಾರ ಪಟ್ಟಿ' ಎನ್ನುತ್ತಿದ್ದರು. ಸೊಸೆಯಾಗಿ ಬಂದಾಗಿನಿಂದ ತಾನೂ ಹಾಗೇ ಅಂದವಳು. ಯಾವ ಅಯ್ಯ, ಯಾಕೆ ಅಯ್ಯ ಎಂದು ಒಮ್ಮೆಯೂ ಕೇಳಿರಲಿಲ್ಲ.

ಸುದ್ದಿ ಕೇಳಿ ರಮಜಾನ ಸಿಟ್ಟಿನಿಂದಲೇ ಊರಿಗೆ ಬಂದ. "ವಕೀಲರ ಹಂತ್ಯಾಕ ಹೋಗೂಣು, ಅಮ್ಮಾ. ಪಹಣಿ ಉತಾರದಾಗ ನಮ್ಮ ಹೆಸರ ಐತಿ."

"ತಡಿ. ಮೊದಲ ನನಗ ಹೊಳಿ ನೋಡೂದೈತಿ."

ಮರುದಿನ ಅವಳು ಡೋಣಿಯ ಪಾತ್ರದಲ್ಲೇ ನಡೆದಳು. ಹೊಸದಾಗಿ ಕುಸಿದ ದಂಡೆ ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು. ಮೇಲೆ ಕರಿಮಣ್ಣು, ಅದರ ಕೆಳಗೆ ಉಸುಕು, ನುಣ್ಣನೆಯ ಹೊಳೆಗಲ್ಲು, ಬಸವನಹುಳದ ಚಿಪ್ಪು, ಮತ್ತೆ ಕರಿಮಣ್ಣು. ತಾನು ಇಷ್ಟು ವರ್ಷ ಕುಂಟೆ ಹೊಡೆದ ನೆಲದಡಿ ಒಂದು ಹೊಳೆ ಮಲಗಿತ್ತು. ಮೇಲೆ ಹತ್ತಿ ನೋಡಿದರೆ ಮನೆಯ ಕಡೆಯ ಹೊಲದಲ್ಲಿ ತಗ್ಗೊಂದು ಹಾವಿನಂತೆ ಬಳುಕಿ ಹೋಗಿತ್ತು. ಮಳೆಗಾಲದಲ್ಲಿ ಅಲ್ಲಿ ಯಾವಾಗಲೂ ನೀರು ನಿಲ್ಲುತ್ತಿತ್ತು. ಡೋಣಿ ಹಿಂದೊಮ್ಮೆ ಅಲ್ಲೂ ಹರಿದಿದೆ. ಹಾಗಾದರೆ ಬಸಲಿಂಗಯ್ಯ ಹೇಳಿದ್ದು ಸುಳ್ಳಲ್ಲ. ಅವಳು ಬದುವಿನ ಮೇಲೆ ಬಹಳ ಹೊತ್ತು ಕೂತಳು. ಮಾವನ ಮೇಲೆ ಸಿಟ್ಟು ಬಂತು. ಆಮೇಲೆ, ಅವರೂ ಮಕ್ಕಳನ್ನು ಸಾಕಬೇಕಿತ್ತಲ್ಲ ಎಂದು ಕನಿಕರವೂ ಬಂತು.

"ಮುದುಕರ ಕಾಲದ ಮಾತಿಗೆ ನಾವ್ಯಾಕ ಹೊಲಾ ಬಿಡಬೇಕು?" ಎಂದ ರಮಜಾನ, ಅವಳು ಮನೆಗೆ ಬಂದು ಕಂಡದ್ದನ್ನು ಹೇಳಿದಾಗ.

"ಬಿಡೂದಲ್ಲಪಾ. ಗಾಡಿ ತಗಿ, ಸೇತುವಿ ಮ್ಯಾಲೆ ಹಾಯ್ದು ಅಯ್ಯಾರ ಮನಿಗೆ ಹೋಗೂಣು."

ಬಸಲಿಂಗಯ್ಯನ ಹೆಂಡತಿ ಗೌರಾಬಾಯಿ ಇಬ್ಬರಿಗೂ ಚಹಾ ಕೊಟ್ಟಳು. ಬಸಲಿಂಗಯ್ಯ ಮುಖ ಕೊಡದೆ ಕೂತಿದ್ದ.

"ಅಯ್ಯಾರ, ನಿಮಗ ಸುಳ್ಳು ಅಂದೆ. ತಪ್ಪಾತು" ಎಂದಳು ಆಶಾಬಿ. "ಈ ಹೊಳಿ ನಿಂದ್ರೂ ಪೈಕಿ ಅಲ್ಲ. ಇವತ್ತ ನಿಮ್ಮ ಕಡೆ, ನಾಳೆ ನಮ್ಮ ಕಡೆ. ಪಟ್ಟಿ ಯಾರ ದಂಡಿಗಿರತೈತಿ ಅವರು ಬಿತ್ತೂದು. ರಾಶಿ ಮಾತ್ರ ಇಬ್ಬರದೂ. ಅರ್ಧಾ ಅರ್ಧಾ."

"ಹೊಳಿ ಮತ್ತ ಹೊಳ್ಳಿದ್ರ?"

"ನಾ ಬಿತ್ತತೀನಿ. ನಿಮ್ಮ ಅರ್ಧಾ ನಿಮ್ಮ ಮನಿಗೆ ಮುಟ್ಟಸ್ತೀನಿ."

ಬಸಲಿಂಗಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಈ ಮಾತು ನಮ್ಮಪ್ಪ ಇದ್ದಾಗ ಯಾರರ ಅಂದಿದ್ರ…"

"ಈಗ ಅಂದಾಳಲ್ರಿ, ಹೂಂ ಅನ್ರಿ!" ಎಂದಳು ಗೌರಾಬಾಯಿ. "ಚಾ ಆರಾಕತ್ತೇತಿ."

ಅವನು ನಕ್ಕ. ರಮಜಾನ ನಗಲಿಲ್ಲ. ಊರ ಹಿರಿಯರ ಮುಂದೆ ಇದೇ ಮಾತು ಆಗಬೇಕೆಂದು ಪಟ್ಟು ಹಿಡಿದ. ಅದು ಸರಿಯಾದ ಮಾತೇ ಎಂದು ಬಸಲಿಂಗಯ್ಯನೂ ಒಪ್ಪಿದ. ಆ ವಾರವೇ ಅದೂ ಆಯಿತು.

ಸುಗ್ಗಿಗೆ ಜೋಳ ಕೈತುಂಬ ತೆನೆ ಹಿಡಿಯಿತು. ರಾಶಿಯ ದಿನ ರಮಜಾನ ಅಂಗಡಿ ಮುಚ್ಚಿ ಬಂದಿದ್ದ. ಸೇತುವೆಯ ಸುತ್ತುದಾರಿ ಬೇಡವೆಂದು ಅವನೂ ಬಸಲಿಂಗಯ್ಯನ ಮಗ ಪ್ರತಾಪನೂ ಹೊಳೆಯಲ್ಲಿ ಸಾಲಾಗಿ ದೊಡ್ಡ ಕಲ್ಲು ಉರುಳಿಸಿದರು. ಮಧ್ಯಾಹ್ನದ ಹೊತ್ತಿಗೆ ಆಶಾಬಿಯ ಪಾಲಿನ ಚೀಲ ಹೊತ್ತ ಇಬ್ಬರೂ ಹುಡುಗರು ಬೈದಾಡುತ್ತ, ಕಾಲು ಜಾರಿಸಿಕೊಳ್ಳುತ್ತ ಆ ಕಲ್ಲುಗಳ ಮೇಲೆ ದಾಟಿ ಬಂದರು. ಗೌರಾಬಾಯಿ ಬುಟ್ಟಿಯಲ್ಲಿ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ ಇಟ್ಟುಕೊಂಡು ಅವರ ಹಿಂದೆಯೇ ಬಂದಳು. ಆಶಾಬಿ ನೀರಿಗಿಳಿದು ಅವಳ ಕೈ ಹಿಡಿದುಕೊಂಡಳು.