ಗೋಡೆಯ ಪಕ್ಕದ ಸಾಲು

"ಓದೋಕೆ ಬರದ ಬೋಳಿಮಗನೆ, ಕಲ್ಲಲ್ಲಿ ಏನು ಬರೆದಿದೆ ಅಂತ ನಿನಗ್ಯಾಕೋ? ಕೀಳು ಅಂದ್ರೆ ಕೀಳು."

ಗಡಿ ಕಚೇರಿಯ ಅಧಿಕಾರಿ ಸಮಾಧಿಯ ಕಲ್ಲನ್ನು ಬೂಟುಗಾಲಿನಿಂದ ಒದ್ದ. ಗುಂಡಿ ತೋಡುವವನು ಹಾರೆ ಹಾಕಿದ. ಅವನ ಹೆಂಡತಿ ಕಿತ್ತ ಕಲ್ಲುಗಳನ್ನು ಒಡೆದು ಜಲ್ಲಿ ಮಾಡುತ್ತಿದ್ದಳು.

ಹೊಳೆಗೂ ಗುಡ್ಡಕ್ಕೂ ನಡುವಿನ ಆ ಏಳು ಮೈಲಿ ನೆಲಕ್ಕಾಗಿ ಎರಡು ದೇಶಗಳು ಅರವತ್ತು ವರ್ಷಗಳಿಂದ ಕಿತ್ತಾಡುತ್ತಿದ್ದವು. ಹಳೆಯ ಒಪ್ಪಂದದಲ್ಲಿ ಹೊಳೆಯೇ ಗಡಿ ಎಂದಿತ್ತು. ಸಹಿ ಬಿದ್ದ ಮೇಲೆ ಹೊಳೆ ದಾರಿ ಬದಲಿಸಿತ್ತು. ತೀರ್ಪು ಬರುವ ತನಕ ನೆಲ ಯಾರದೂ ಅಲ್ಲ, ಅಲ್ಲಿ ಹುಟ್ಟಿದವರಿಗೆ ಯಾವ ದೇಶದ ಗುರುತಿನ ಚೀಟಿಯೂ ಇಲ್ಲ. ಈಗ ನ್ಯಾಯಾಧೀಶರೇ ನೋಡಲು ಬರುವವರಿದ್ದರು. ಯಾರ ಲಿಪಿಯ ಸಮಾಧಿಗಳು ಹಳೆಯವೋ ಅವರ ವಾದಕ್ಕೆ ಬಲ. ಹೋದ ತಿಂಗಳು ಹೊಳೆಯಾಚೆಯವರು ಬಂದು ಈಚೆಯವರ ಕಲ್ಲುಗಳನ್ನು ಇದೇ ಗಂಡಹೆಂಡಿರಿಂದ ಒಡೆಸಿದ್ದರು. ಇದು ಈಚೆಯವರ ಸರದಿ.

ಲಾರಿಯಿಂದ ಹನ್ನೊಂದು ಕಲ್ಲುಗಳು ಇಳಿದವು. ಈಚೆಯವರ ಲಿಪಿ ಕೆತ್ತಿ, ಆಸಿಡ್ ಸುರಿದು ಹಳತು ಮಾಡಿದ ಹೊಸ ಕಲ್ಲುಗಳು.

"ಸ್ಮಶಾನದ ಗೋಡೆ ಪಕ್ಕ ಖಾಲಿ ಇದೆಯಲ್ಲ, ಅಲ್ಲಿ ನೆಡು."

"ಖಾಲಿ ಇಲ್ಲ ಸ್ವಾಮಿ. ನಮ್ಮೋರಿದ್ದಾರೆ. ನಮ್ಮಜ್ಜ, ನಮ್ಮಪ್ಪ... ಕೊನೇಲಿ ನನ್ನ ಮಗಳು."

"ಕಲ್ಲೆಲ್ಲಿ?"

"ಗುಂಡಿ ತೋಡೋರಿಗೆ ಕಲ್ಲಿಡೋಕೆ ಯಾರೂ ಬಿಟ್ಟಿಲ್ಲ ಸ್ವಾಮಿ. ನೀವೂ ಬಿಟ್ಟಿಲ್ಲ, ಅವರೂ ಬಿಟ್ಟಿಲ್ಲ."

"ಕಲ್ಲಿಲ್ಲ ಅಂದ್ರೆ ಹೆಣಾನೂ ಇಲ್ಲ." ಅಧಿಕಾರಿ ನಕ್ಕ. "ಬಾಯಿ ಬಿಟ್ಟರೆ ಇಬ್ಬರನ್ನೂ ಹೊಳೆಯಾಚೆ ಅಟ್ತೀನಿ. ಅವರು ಗುಂಡು ಹೊಡೀತಾರೆ. ಯಾವ ದೇಶದ ಹೆಣ ಅಂತ ಕೇಳೋ ನಾಯಿನೂ ಇರಲ್ಲ."

ಗಂಡ ಹತ್ತು ಕಲ್ಲು ನೆಟ್ಟ. ಹನ್ನೊಂದನೆಯದಕ್ಕೆ ಕೈ ಏಳಲಿಲ್ಲ. ಹೆಂಡತಿ ಹಾರೆ ಕಿತ್ತುಕೊಂಡು ತಾನೇ ನೆಟ್ಟಳು.

ಮೂರನೆಯ ದಿನ ಬೆಳಿಗ್ಗೆ ನ್ಯಾಯಾಧೀಶರು ಬಂದರು. ಎರಡೂ ದೇಶಗಳ ಅಧಿಕಾರಿಗಳು, ಸಿಪಾಯಿಗಳು ಎದುರುಬದುರಾಗಿ ನಿಂತರು. ಈಚೆಯ ವಕೀಲ ಸಾಲಿನ ಕೊನೆಯ ಕಲ್ಲನ್ನು ಓದಿದ: "ನಮ್ಮ ದೇಶದ ಸುಂಕದ ಅಧಿಕಾರಿ. ತೀರಿಕೊಂಡು ನೂರಿಪ್ಪತ್ತು ವರ್ಷ."

"ಸುಳ್ಳು," ಎಂದು ಹೆಂಡತಿ ಮುಂದೆ ಬಂದಳು. "ಇಲ್ಲಿರೋಳು ನನ್ನ ಮಗಳು. ಆರು ವರ್ಷದೋಳು. ಕಾಲಲ್ಲಿ ಕೆಂಪು ರಬ್ಬರ್ ಚಪ್ಪಲಿ ಇದೆ. ಈ ಕಲ್ಲು ಮೊನ್ನೆ ನಾನೇ ನೆಟ್ಟಿದ್ದು."

"ಇವಳು ಯಾವ ದೇಶದೋಳು, ಕೇಳಿ," ಎಂದ ಈಚೆಯ ಅಧಿಕಾರಿ. "ಚೀಟಿ ಇಲ್ಲದೋಳ ಸಾಕ್ಷಿ ನಡೆಯಲ್ಲ."

ಇವಳು ಬಾಯಿಬಿಟ್ಟರೆ ಹೋದ ತಿಂಗಳ ತಮ್ಮ ಕೆಲಸವೂ ಬಯಲಾಗುತ್ತದೆಂದು ಆಚೆಯ ಅಧಿಕಾರಿಗೆ ಹೊಳೆಯಿತು. "ಹೌದು, ನಡೆಯಲ್ಲ," ಎಂದ. ಅರವತ್ತು ವರ್ಷಗಳಲ್ಲಿ ಮೊದಲ ಸಲ ಎರಡು ದೇಶಗಳು ಒಂದು ಮಾತಿಗೆ ಒಪ್ಪಿದವು. ನ್ಯಾಯಾಧೀಶರು ತಮ್ಮತಮ್ಮ ಫೈಲುಗಳನ್ನು ನೋಡುತ್ತ ನಿಂತರು.

"ನನ್ನ ಮಾತು ಬೇಡ. ಅವಳನ್ನೇ ಕೇಳಿ."

ಹೆಂಡತಿ ಕಲ್ಲಿಗೆ ಭುಜ ಕೊಟ್ಟು ಉರುಳಿಸಿದಳು. ಗುದ್ದಲಿ ಎತ್ತಿ ಅಗೆಯತೊಡಗಿದಳು. ಗಂಡ ಬಂದು ಎದುರಿಗೆ ನಿಂತು ಮಣ್ಣು ಎಳೆಯತೊಡಗಿದ. ಇಬ್ಬರೂ ತಲೆಯೆತ್ತಲಿಲ್ಲ. ಎರಡೂ ಕಡೆಯ ಸಿಪಾಯಿಗಳು ಬಂದೂಕುಗಳನ್ನು ಹೆಗಲಿನಿಂದ ಇಳಿಸಿದರು. ಗುಂಡಿ ಆಗಲೇ ಮೊಣಕಾಲಿನಷ್ಟು ಆಳವಾಗಿತ್ತು.