ಕಿಟಕಿ ಮುಚ್ಚಿದ ಎಂಟು ದಿನ

ಗ್ವಾಟೆಮಾಲಾದ ಆ ಬೆಟ್ಟದೂರಿನಲ್ಲಿ ಫೆಲಿಸಿತಾಸಳ ಬಾಯಿಗೆ ಹೆದರದವರಿಲ್ಲ. ಮೊಮ್ಮಗಳು ಮಾಯ್ರಾ ನಾಲ್ಕು ವರ್ಷವಾದರೂ ಕತ್ತು ನಿಲ್ಲದೆ, ಕೈಕಾಲು ತಿರುಚಿಕೊಂಡು ಮಲಗಿರುವುದು ಯಾಕೆಂದು ಆಕೆ ಬಟ್ಟೆ ಒಗೆಯುವ ತೊಟ್ಟಿಯ ಬಳಿ, ಸಂತೆಯಲ್ಲಿ, ಇಗರ್ಜಿಯ ಮೆಟ್ಟಿಲ ಮೇಲೆ ಸಾರಿ ಮುಗಿಸಿದ್ದಳು: ಬಸುರಿ ಸೊಸೆ ಗ್ರಹಣದ ಹೊತ್ತಿನಲ್ಲಿ ಹೊಟ್ಟೆಗೆ ಕೆಂಪು ದಾರ ಕಟ್ಟದೆ, ಕೋಳಿ ಅಟ್ಟಲು ಅಂಗಳಕ್ಕಿಳಿದಿದ್ದಳಂತೆ. ಸೊಸೆ ಯೆಸೆನಿಯಾ ಎದುರಾಡಲಿಲ್ಲ. ಪಾಪ, ತಪ್ಪು ತನ್ನದೇ ಎಂದು ನಂಬಿಬಿಟ್ಟಿದ್ದಳು.

ಈಗ ಅವಳಿಗೆ ಮತ್ತೆ ಏಳು ತಿಂಗಳು. ಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾಯ್ರಾಳ ಬಿಗಿದ ಕೈಯನ್ನು ಮೆಲ್ಲಗೆ ಬಿಡಿಸಿ ನೋಡಿ, ಅತ್ತೆಯ ಕಡೆ ತಿರುಗಿದಳು.

"ಹುಟ್ಟಿದ ವಾರದಲ್ಲಿ ಮಗು ಹಳದಿ ಆಗಿತ್ತಾ ಅಜ್ಜೀ? ತಾಯಿ ರಕ್ತಕ್ಕೂ ಮಗು ರಕ್ತಕ್ಕೂ ಹೊಂದಲ್ಲ. ಹಂಗಿದ್ದಾಗ ಕಾಮಾಲೆ ಜೋರಾಗಿ ಮಿದುಳಿಗೆ ಪೆಟ್ಟಾಗಬಹುದು. ಆವಾಗ ಹಂಗೇ ಆಗಿದ್ರೆ, ಹೊಟ್ಟೇಲಿರೋ ಮಗೂಗೂ ಆಗಬಹುದು, ಹೆರಿಗೆ ಇಲ್ಲೇ ಆಗಬೇಕು."

"ನಂಗೊತ್ತಿಲ್ಲ ಡಾಕ್ಟ್ರೇ," ಎಂದಳು ಯೆಸೆನಿಯಾ. "ಜ್ವರ ಬಂದು ಮಲಗಿದ್ದೆ, ಕೋಣೆ ಬೇರೆ ಕತ್ತಲೆ. ಕೂಸನ್ನ ಅತ್ತೆನೇ ನೋಡ್ಕೊಂಡ್ರು. ಇದು ಗ್ರಹಣದಿಂದ ಆಗಿದ್ದು, ತಪ್ಪು ನಂದೇ. ಈ ಸಲ ದಾರ ಕಟ್ಟಿದೀನಿ. ಹೆರಿಗೆ ಮನೇಲೇ ಆಗ್ಲಿ."

ಫೆಲಿಸಿತಾಸಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೆಟ್ಟ ಕಣ್ಣು ಬೀಳಬಾರದೆಂದು ಎಂಟು ದಿನ ಕಿಟಕಿಗೆ ಕಂಬಳಿ ಜಡಿದವಳು ಅವಳೇ. ನಾಲ್ಕನೆಯ ದಿನ ಬಾಗಿಲ ಸಂದಿಯ ಬೆಳಕಿನಲ್ಲಿ ಕೂಸಿನ ಕಣ್ಣಿನ ಬಿಳಿಯೂ ಹಳದಿಯಾಗಿದ್ದನ್ನು ಕಂಡವಳೂ ಅವಳೇ. ಸೂಲಗಿತ್ತಿ ಆಸ್ಪತ್ರೆಗೆ ಒಯ್ಯಿ ಅಂದಾಗ, "ಹಸುಗೂಸನ್ನ ಹೊಸ್ತಿಲು ದಾಟಿಸೋಕೆ ನಂಗೇನು ತಲೆ ಕೆಟ್ಟಿದೆಯಾ?" ಎಂದು ಬೈದು ಅಟ್ಟಿದ್ದಳು. ಮರುದಿನದಿಂದ ಕೂಸು ಮೊಲೆ ಬಿಟ್ಟಿತು, ಬೆನ್ನು ಸೆಟೆದು ಕಿರುಚಿತು. ಆಮೇಲೆ ಊರು ಕೇಳತೊಡಗಿದಾಗ ನೆನಪಾದದ್ದು ಗ್ರಹಣ. ಎಷ್ಟು ಸಲೀಸಾಗಿ ನೆನಪಾಗಿತ್ತು!

ಸೂಲಗಿತ್ತಿ ಅವಳ ಬಾಯಿಗೆ ಹೆದರಿ ಯಾರಿಗೂ ಹೇಳಿರಲಿಲ್ಲ; ಸುಮ್ಮನಿದ್ದರೆ ಈಗಲೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸೊಸೆ ಹೆರಿಗೆಗೆ ಅದೇ ಕೋಣೆಗೆ ಹೋಗುತ್ತಾಳೆ.

"ಹಳದಿ ಆಗಿತ್ತು," ಎಂದಳು ಮುದುಕಿ. "ಕಣ್ಣೂ ಹಳದಿ. ನಾನು ನೋಡಿದ್ದೆ. ಸೂಲಗಿತ್ತಿ ಹೇಳಿದ್ಲು, ನಾನೇ ಕೇಳಲಿಲ್ಲ. ಗ್ರಹಣಾನೂ ಇಲ್ಲ, ಎಂಥದೂ ಇಲ್ಲ. ಇವಳ ಹೆರಿಗೆ ಇಲ್ಲೇ ಮಾಡಿಸಿ."

ಡಾಕ್ಟರಮ್ಮ ಬರೆದುಕೊಂಡಳು.

"ನಾಲ್ಕು ವರ್ಷದಿಂದ ದಿನಾ ಈ ಮಗೂ ಹತ್ರ ನಾನು ತಪ್ಪಾಯ್ತು ಅಂತ ಕೇಳ್ಕೋತಾ ಇದ್ದೆ ಅತ್ತೆ," ಎಂದಳು ಯೆಸೆನಿಯಾ. ಮಾಯ್ರಾಳನ್ನು ಎತ್ತಿ ಮುದುಕಿಯ ಮಡಿಲಿಗೆ ಹಾಕಿದಳು. "ತಗೊಳ್ಳಿ. ಇನ್ನು ನೀವು ಕೇಳಿ."

ಮಗು ಅಜ್ಜಿಯ ಗುರುತು ಹಿಡಿದು ನಕ್ಕಿತು. ಫೆಲಿಸಿತಾಸಳಿಗೆ ಆ ಮುಖ ನೋಡಲಾಗಲಿಲ್ಲ.