ಗೋಡೆಯ ಹಿಂದೆ ಉಸಿರು ಬಿಗಿಹಿಡಿದವನು

ನಮ್ಮ ಆಸ್ಕ್‌ಬೆಕ್ ಊರಿನ ಹೊಳೆದಂಡೆಯ ದಾರಿ ನಡೆಯುವವರಿಗೂ ಸೇರಿದ್ದು, ಕುದುರೆ ಸವಾರರಿಗೂ ಸೇರಿದ್ದು. ಗೇಟಿನ ಪಕ್ಕದ ಫಲಕದಲ್ಲಿ ಹಾಗೆಂದು ಬರೆದೂ ಇದೆ. ಆದರೆ ಫಲಕ ಓದಿ ಯಾರು ತಾನೇ ಬುದ್ಧಿ ಕಲಿತಿದ್ದಾರೆ? ನಡೆಯುವವರು ದಾರಿಯಲ್ಲಿ ಲದ್ದಿ ಕಂಡು ಮೂಗು ಮುರಿಯುತ್ತಾರೆ. ಸವಾರರು ನಡೆಯುವವರ ನಾಯಿ ಕಂಡು ಹುಬ್ಬು ಗಂಟಿಕ್ಕುತ್ತಾರೆ. ಬಾಯಿಬಿಟ್ಟು ಮಾತ್ರ ಯಾರೂ ಏನೂ ಹೇಳುವುದಿಲ್ಲ. ನಮ್ಮ ಜನವೇ ಹಾಗೆ. ತಮ್ಮ ಕಾಲು ತುಳಿದವರಿಗೆ ತಾವೇ ‘ಸಾರಿ’ ಹೇಳಿ ಮುಂದೆ ಹೋಗುವವರು.

ಅಂಥವರಲ್ಲೂ ನನ್ನ ಗಂಡ ಎಡ್ವಿನ್ ಒಂದು ಕೈ ಮೇಲು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಗಾದೆ ಅವನ ಮೈಗೇ ಅಂಟಿಕೊಂಡಿದೆ. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದೂ ನನ್ನ ಮುಖ ನೋಡಿ ಅಲ್ಲ, ನಮ್ಮಪ್ಪನ ಕುರಿಕೊಟ್ಟಿಗೆಯ ಬಾಗಿಲು ನೋಡಿಕೊಂಡು. ಬೆಳಿಗ್ಗೆ ಚಹಾ ಕುಡಿದು, ಹಸಿರು ಮಳೆಕೋಟಿನ ಟೋಪಿಯನ್ನು ತಲೆಗೆಳೆದುಕೊಂಡು ಹೊಳೆದಂಡೆಗೆ ನಡೆಯಲು ಹೊರಡುತ್ತಾನೆ. ಬಂದ ಮೇಲೆ ಹಿತ್ತಲಲ್ಲಿ ಈರುಳ್ಳಿಯ ಆರೈಕೆ. ಊರ ಸ್ಪರ್ಧೆಯಲ್ಲಿ ಅವನ ಈರುಳ್ಳಿಯನ್ನು ಸೋಲಿಸಿದವರಿಲ್ಲ. ಒಂದೊಂದೂ ಮಗುವಿನ ತಲೆಯಷ್ಟು ದಪ್ಪ. ಅದಕ್ಕೆ ಏನು ಗೊಬ್ಬರ ಹಾಕುತ್ತಾನೆಂದು ಕಟ್ಟಿಕೊಂಡ ಹೆಂಡತಿಗೂ ಹೇಳಿದವನಲ್ಲ.

ಪಕ್ಕದ ಮನೆಯ ಡೋರೀನ್ ನನ್ನ ಬಾಲ್ಯದ ಗೆಳತಿ. ಗಂಡ ತೀರಿಕೊಂಡ ಮೇಲೆ ಅವಳನ್ನು ದಿನಾ ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಅವಳ ಕುದುರೆ ಪಾರ್ಕಿನ್. ನಮ್ಮ ಕಡೆಯ ಶುಂಠಿ ಕೇಕಿನ ಹೆಸರು ಅದು. ಬಣ್ಣವೂ ಅದೇ, ಗುಣವೂ ಅಷ್ಟೇ ಮೆತ್ತಗೆ. ಟ್ರ್ಯಾಕ್ಟರ್ ಪಕ್ಕದಲ್ಲೇ ಗುಡುಗುತ್ತಾ ಹೋದರೂ ಕಿವಿ ಅಲ್ಲಾಡಿಸದ ಪ್ರಾಣಿ.

ಅಂಥದ್ದು ಈ ವಸಂತದಲ್ಲಿ ಹೊಳೆಯ ತಿರುವಿನಲ್ಲಿ, ಕಲ್ಲುಗೋಡೆ ಹತ್ತಿರ ಬಂದರೆ ಸಾಕು, ಮೂಗು ಅರಳಿಸಿ ಪಕ್ಕಕ್ಕೆ ಹಾರತೊಡಗಿತು. ಡೋರೀನ್ ಪಶುವೈದ್ಯರಿಗೆ ತೋರಿಸಿದಳು. ಕಣ್ಣು ಸರಿಯಿತ್ತು. ಬೆನ್ನಿನ ಮೇಲಿನ ತಡಿ ಬದಲಾಯಿಸಿ ನೋಡಿದಳು. ಊಹೂಂ. ಕೊನೆಗೆ ಒಂದು ಬೆಳಿಗ್ಗೆ ಅದು ಹಾರಿದ ರಭಸಕ್ಕೆ ಡೋರೀನ್ ಕೆಳಗೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಪುಣ್ಯಕ್ಕೆ ಎಡ್ವಿನ್ ಹತ್ತಿರದಲ್ಲೇ ಇದ್ದ. ತನ್ನ ಕೋಟು ಹೊದಿಸಿ, ಓಡಿ ಹೋಗಿ ಜನ ಕರೆತಂದ. ಊರೆಲ್ಲ ಅವನನ್ನು ಹೊಗಳಿತು. ಅಷ್ಟು ಹತ್ತಿರ ಎಲ್ಲಿದ್ದೆ ಎಂದು ಕೇಳುವುದು ಯಾರಿಗೂ ಹೊಳೆಯಲಿಲ್ಲ.

ಪಟ್ಟಣದಿಂದ ಡೋರೀನಳ ಮಗಳು ಜಿಲಿಯನ್ ಓಡಿಬಂದಳು. ಅವಳದು ಖಡಾಖಂಡಿತ ಮಾತು.

“ಅಮ್ಮ, ಇನ್ನು ಸಾಕು. ಇವತ್ತು ಕೈ ಹೋಯ್ತು, ನಾಳೆ ಕುತ್ತಿಗೆ ಹೋಗತ್ತೆ. ಕುದುರೆ ಮಾರಿಬಿಡೋಣ. ಶನಿವಾರ ಮಧ್ಯಾಹ್ನ ಕೊಳ್ಳೋರು ನೋಡೋಕೆ ಬರ್ತಾರೆ.”

ಡೋರೀನ್ ಕಿಟಕಿಯ ಕಡೆ ತಿರುಗಿ ಕೂತಳು. ಅವಳು ಅಳುತ್ತಿದ್ದಳು. ಅವಳ ಗಂಡನ ಮಣ್ಣಿನ ದಿನವೂ ಹೀಗೇ ಕಿಟಕಿಗೆ ಮುಖಮಾಡಿ ಕೂತಿದ್ದಳು.

ಮನೆಗೆ ಬಂದು ಎಡ್ವಿನ್‌ಗೆ ಹೇಳಿದೆ.

“ಒಳ್ಳೇದೇ ಆಯ್ತು ಬಿಡು,” ಎಂದ. “ಆ ಕುದುರೆಗೆ ತಲೆ ಕೆಟ್ಟಿದೆ. ಅಷ್ಟಕ್ಕೂ ಕಾಲುದಾರಿ ಇರೋದು ಕಾಲಲ್ಲಿ ನಡೆಯೋರಿಗೆ.”

“ಕುದುರೆಗೇನು ಚಕ್ರ ಇದೆಯಾ?” ಎಂದೆ.

ಅವನು ಎದ್ದು ಈರುಳ್ಳಿಯ ಕಡೆ ಹೋದ.

ಶುಕ್ರವಾರ ಅವನನ್ನು ಎಳೆದುಕೊಂಡೇ ಡೋರೀನಳ ಮನೆಗೆ ಚಹಾಕ್ಕೆ ಹೋದೆ. ಹಣ್ಣಿನ ಕೇಕು, ಜೊತೆಗೊಂದೊಂದು ತುಂಡು ಚೀಸು ಒಯ್ದಿದ್ದೆ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ನಮ್ಮವರ ದುಃಖ ಅರ್ಧ ಇಳಿದ ಹಾಗೆ. ಡೋರೀನ್ ಮಾತ್ರ ಮುಟ್ಟಲಿಲ್ಲ.

“ಆ ಗೋಡೆ ಹತ್ತಿರ ಅದಕ್ಕೆ ಏನು ಕಾಣ್ತಿತ್ತು ಅಂತ ತಿಳೀದೆ ಮಾರಬೇಕಲ್ಲಾ ನೋರಾ,” ಎಂದಳು. “ಅದೇ ಹೊಟ್ಟೆ ಉರಿಯೋದು.”

“ಅಲ್ಲೇನೂ ಇರ್ಲಿಲ್ಲ,” ಎಂದ ಎಡ್ವಿನ್. ಯಾರೂ ಕೇಳದೆ ಅವನು ಮಾತಾಡಿದ್ದೇ ಹೆಚ್ಚು. “ನಾನು ದಿನಾ ನೋಡಿದೀನಲ್ಲ.”

“ನೀನು ಎಲ್ಲಿಂದ ನೋಡಿದ್ದು?” ಎಂದೆ.

“ಗೋಡೆ ಹಿಂದಿಂದ.”

“ಗೋಡೆ ಹಿಂದೆ ನಿನಗೇನು ಕೆಲಸ?”

“ಈ ವಸಂತದಿಂದ ಡೋರೀನ್ ಬೇಗ ಹೊರಡ್ತಾಳಲ್ಲ, ಕುದುರೆ ಬರ್ತಿರೋ ಸದ್ದು ಕೇಳಿದ್ರೆ ಗೋಡೆ ದಾಟಿ ಆಚೆ ಕೂತ್ಕೋತೀನಿ. ಅದಕ್ಯಾಕೆ ತೊಂದರೆ ಕೊಡ್ಬೇಕು? ಟೋಪಿ ಹಾಕ್ಕೊಂಡು, ಬಗ್ಗಿ, ಉಸಿರು ಕೂಡ ಬಿಡಲ್ಲ. ಅಷ್ಟು ಮರ್ಯಾದೆ ನನಗೂ ಗೊತ್ತು.”

ಡೋರೀನ್ ನಗತೊಡಗಿದಳು. ಮುರಿದ ಕೈ ನೋಯುತ್ತಿದ್ದರೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಯ್ಯೋ ಎಡ್ವಿನ್! ನೀನೇನೋ ಆ ತೋಳ!”

“ಯಾವ ತೋಳ?”

“ಕುದುರೆ ಹುಲ್ಲು ತಿನ್ನೋ ಪ್ರಾಣಿ ಮಾರಾಯ. ಅದರ ಮುತ್ತಾತಂದಿರನ್ನ ಹಿಡಿದು ತಿಂದವ್ರು ಯಾರೂ ದಾರಿ ಮಧ್ಯ ನಿಂತು ‘ಗುಡ್ ಮಾರ್ನಿಂಗ್’ ಹೇಳ್ಲಿಲ್ಲ. ಮರೆಯಲ್ಲಿ ಬಗ್ಗಿ, ಉಸಿರು ಬಿಗಿಹಿಡಿದು ಕಾದವ್ರೇ ಎಲ್ಲ. ಪಾರ್ಕಿನ್‌ಗೆ ನಿನ್ನ ವಾಸನೆ ಬರತ್ತೆ, ನೀನು ಕಾಣಲ್ಲ. ಅದು ಏನಂದ್ಕೋಬೇಕು?”

“ಮತ್ತೆ ನಾನೇನು ಮಾಡ್ಬೇಕಿತ್ತು?”

“ಕಾಣೋ ಹಾಗೆ ದಾರಿ ಪಕ್ಕ ನಿಂತು ಮಾತಾಡ್ಬೇಕು. ಏನಾದ್ರೂ ಸರಿ. ದನಿ ಕೇಳಿದ್ರೆ, ಓ ಇದು ಮನುಷ್ಯ ಪ್ರಾಣಿ, ಬಡಪಾಯಿ ಅಂತ ಅದಕ್ಕೆ ಗೊತ್ತಾಗತ್ತೆ.”

ಎಡ್ವಿನ್‌ನ ಮುಖ ಸುಣ್ಣದ ಹಾಗಾಗಿತ್ತು. ಆದರೂ ಸುಲಭಕ್ಕೆ ಸೋಲುವವನಲ್ಲ.

“ನೀನೇನು ಕಮ್ಮಿನಾ? ಆ ತಿರುವಲ್ಲಿ ಯಾಕೆ ಹಾಗೆ ಓಡಿಸ್ತಿದ್ದೆ?”

“ನಡೆಯೋರಿಗೆ ಅಡ್ಡ ಆಗ್ಬಾರ್ದು, ಬೇಗ ದಾಟಿಬಿಡೋಣ ಅಂತ...” ಎನ್ನುತ್ತಲೇ ಡೋರೀನ್ ನಾಲಿಗೆ ಕಚ್ಚಿಕೊಂಡಳು. “ತಿರುವಲ್ಲಿ ನಿಧಾನಕ್ಕೆ ನಡೆಸ್ಬೇಕು. ನಾನೇ ಎಲ್ಲರಿಗೂ ಹೇಳಿಕೊಡ್ತಿದ್ದೆ. ನಿಧಾನಕ್ಕೆ ಬಂದಿದ್ರೆ ಅದು ಹಾರಿದ್ರೂ ನಾನು ಬೀಳ್ತಿರ್ಲಿಲ್ಲ.”

ನೋಡಿ, ಇಬ್ಬರ ಮರ್ಯಾದೆ ಸೇರಿ ಒಂದು ಕೈ ಮುರಿದಿತ್ತು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಜಿಲಿಯನ್ ನಗಲಿಲ್ಲ. “ಕತೆ ಚೆನ್ನಾಗಿದೆ. ಆದ್ರೆ ಅದನ್ನ ನಂಬಿ ಅಮ್ಮನನ್ನ ಮತ್ತೆ ಕುದುರೆ ಹತ್ತಿಸಕ್ಕಾಗಲ್ಲ. ಎಡ್ವಿನ್ ಅಂಕಲ್, ನಾಳೆ ಬೆಳಿಗ್ಗೆ ನಾನೇ ಕುದುರೆ ಹತ್ತಿ ಬರ್ತೀನಿ. ನೀವು ಅದೇ ಜಾಗದಲ್ಲಿ ನಿಂತು ಮಾತಾಡಿ. ಅದು ಹಾರಿದ್ರೆ ಮಾರೋದೇ.”

ಮಾತಾಡಬೇಕು! ಅದೂ ಎಡ್ವಿನ್! ಡೋರೀನಳ ಪಾರ್ಕಿನ್ ಉಳಿಯುವುದು ಜಗತ್ತಿನ ಅತಿ ಮೌನಿಯ ನಾಲಿಗೆಯ ಮೇಲೆ ನಿಂತಿತ್ತು.

ಶನಿವಾರ ಬೆಳಿಗ್ಗೆ ಅವನು ಟೋಪಿ ತೆಗೆದು, ಗೋಡೆಯ ಈಚೆ, ಎಲ್ಲರಿಗೂ ಕಾಣುವ ಹಾಗೆ ನಿಂತ. ನಾನೂ ಡೋರೀನಳೂ ಸ್ವಲ್ಪ ದೂರದಲ್ಲಿ ಕೈ ಕೈ ಹಿಡಿದು ನಿಂತಿದ್ದೆವು. ಜಿಲಿಯನ್ ನಿಧಾನವಾಗಿ ನಡೆಸಿಕೊಂಡು ಬಂದಳು. ತಿರುವು ಕಂಡೊಡನೆ ಪಾರ್ಕಿನ್ ಕಿವಿ ನೆಟ್ಟಗಾಯಿತು. ಮೂಗು ಅರಳಿತು. ಕಾಲು ನಿಂತಿತು.

“ಮಾತಾಡೋ!” ಎಂದೆ ನಾನು.

“ಮೋಡ ಆಗಿದೆ,” ಎಂದ ಎಡ್ವಿನ್.

ಅಷ್ಟೇ. ಮುಂದೆ ಇಲ್ಲ. ಕುದುರೆ ಒಂದು ಹೆಜ್ಜೆ ಹಿಂದೆ ಸರಿಯಿತು. ಡೋರೀನ್ ನನ್ನ ಬೆರಳು ಹಿಸುಕಿದಳು.

“ಈರುಳ್ಳಿ...” ಎಂದ ಎಡ್ವಿನ್. ಗಂಟಲು ಸರಿಮಾಡಿಕೊಂಡ. “ನೋಡಪ್ಪಾ, ನನ್ನ ಈರುಳ್ಳಿ ಅಷ್ಟು ದಪ್ಪ ಬರೋದು ನಿನ್ನಿಂದಾನೇ ಕಣೋ. ಎಲ್ಲರಿಗಿಂತ ಮುಂಚೆ ನಾನು ಈ ದಾರೀಲಿ ಬರೋದು ಗಾಳಿ ಕುಡಿಯೋಕಲ್ಲ. ನಿನ್ನ ಲದ್ದಿ ಆರಿಸ್ಕೊಳ್ಳೋಕೆ. ಬಕೆಟ್ಟು ಗೋಡೆ ಹಿಂದೇನೇ ಇದೆ. ಹೋದ್ವರ್ಷದ ಬಹುಮಾನಾನೂ ನಿಂದೇ. ಗೋಡೆ ಹಿಂದೆ ಇದ್ದೋನು ನಾನೇ. ನಿನಗೆ ಹೆದರಿಕೆ ಆಯ್ತು ಅಂತ ಗೊತ್ತಾಗ್ಲಿಲ್ಲ ಮಗನೇ. ಸಾರಿ.”

ಅವನ ಜನ್ಮದಲ್ಲೇ ಅಷ್ಟು ಉದ್ದದ ಮಾತು ನಾನು ಕೇಳಿರಲಿಲ್ಲ. ಪಾರ್ಕಿನ್ ಬುಸ್ಸೆಂದು ಉಸಿರು ಬಿಟ್ಟು ತಲೆ ತಗ್ಗಿಸಿತು. ನಿಧಾನಕ್ಕೆ ಅವನ ಪಕ್ಕಕ್ಕೇ ಬಂದು ಕೋಟಿನ ಜೇಬು ಮೂಸಿತು.

“ಥೂ ಕಳ್ಳ!” ಎಂದು ಡೋರೀನ್ ಕೂಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ದಾರೀಲಿ ಕುದುರೆ ಬೇಡ ಅಂತಿದ್ದೋನು ಇವನೇನಾ?” ಎಂದೆ ನಾನು.

ಜಿಲಿಯನ್ ಕುದುರೆಯ ಮೇಲೆ ಕೂತೇ ಫೋನು ತೆಗೆದು, ಕೊಳ್ಳುವವರಿಗೆ ಬರಬೇಡಿ ಎಂದಳು.

ಈಗ ಡೋರೀನಳ ಕೈ ಕೂಡಿದೆ. ತಿರುವಿಗೆ ಮುಂಚೆಯೇ ಲಗಾಮು ಹಿಡಿದು ನಿಧಾನ ಮಾಡಿ, “ಯಾರಿದೀರಿ?” ಎಂದು ಕೂಗುತ್ತಾಳೆ. “ನಾನೇ, ಎಡ್ವಿನ್!” ಎಂಬ ದನಿ ನಮ್ಮ ಅಡುಗೆಮನೆಗೂ ಕೇಳುತ್ತದೆ. ಆಮೇಲೆ ಅವನು ಕುದುರೆಯ ಜೊತೆ ಏನೇನೋ ಮಾತಾಡುತ್ತಾನೆ. ಮೊನ್ನೆ ನಾನೂ ಜೊತೆಗಿದ್ದೆ. “ನೋರಾ ಇವತ್ತು ನೀಲಿ ಶಾಲು ಹಾಕಿದಾಳೆ, ಚೆನ್ನಾಗಿ ಕಾಣ್ತಾಳೆ,” ಎಂದು ಕುದುರೆಗೆ ಹೇಳಿದ. ನನ್ನ ಮುಖ ನೋಡದೆ ಹೇಳಿದ್ದು ನಿಜ. ಆದರೂ ನನಗೆ ಕೇಳಿಸಿತಲ್ಲ.

ದಾರಿಯಲ್ಲಿ ನಡೆಯುವ ಅಣ್ಣ-ಅಕ್ಕಂದಿರೇ, ಕುದುರೆ ಎದುರಾದರೆ ಅಡಗಬೇಡಿ. ನಾಯಿಯನ್ನು ಹತ್ತಿರಕ್ಕೆ ಎಳೆದು ಹಿಡಿದುಕೊಳ್ಳಿ, ಕುದುರೆಯ ಮುಖದೆದುರು ಫಟ್ಟನೆ ಕೊಡೆ ಬಿಚ್ಚಬೇಡಿ, ಹಿಂಗಾಲಿನ ಹತ್ತಿರ ಸುಳಿಯಬೇಡಿ. ಸವಾರರೇ, ಜನ ಕಂಡರೆ ನಿಧಾನ ಮಾಡಿ. ಹಿಂದಿನಿಂದ ಬರುವಾಗ ದೂರದಿಂದಲೇ ಒಂದು ಕೂಗು ಹಾಕಿ, ದಾರಿ ಬಿಟ್ಟವರಿಗೆ ಒಂದು ಥ್ಯಾಂಕ್ಸ್ ಹೇಳಿ. ಯಾರೇ ಆಗಲಿ, ಮೊದಲು ಬಾಯಿ ಬಿಟ್ಟು ಮಾತಾಡಿ. ಏನೂ ತೋಚದಿದ್ದರೆ ಈರುಳ್ಳಿಯ ವಿಷಯವಾದರೂ ಇದ್ದೇ ಇದೆ.